ಹಿರೇಬೆಣಕಲ್ ಬೆಟ್ಟ: ಅಪ್ಪನ ಜೊತೆ ಹತ್ತಬಹುದಾ?

ಪ್ರಶ್ನೆ: ನಾವು ರಾಯಚೂರಿನವರು. ಡಿಸೆಂಬರ್‌ನಲ್ಲಿ ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟಕ್ಕೆ, ಅಂದರೆ ಮೊರೇರ ಬೆಟ್ಟಕ್ಕೆ ಹೋಗುವ ಆಸೆ. ಅಪ್ಪನಿಗೆ ಅರವತ್ತು ದಾಟಿದೆ, ದಿನಾ ವಾಕಿಂಗ್ ಮಾಡುತ್ತಾರೆ. ದಾರಿ ತುಂಬಾ ಕಷ್ಟನಾ? ಮೇಲೆ ನೀರು ಸಿಗುತ್ತಾ?

ಉತ್ತರ 1: ಧಾರಾಳವಾಗಿ ಕರೆದುಕೊಂಡು ಬನ್ನಿ. ನಾನು ಗಂಗಾವತಿಯವನು, ನೆಂಟರು ಬಂದಾಗೆಲ್ಲ ಅಲ್ಲಿಗೇ ಕರೆದೊಯ್ಯುತ್ತೇನೆ. ಕಡಿದಾದ ಏರು ಕಡಿಮೆ, ಆದರೆ ಬಂಡೆ, ಮುಳ್ಳುಕಂಟಿ ಜಾಸ್ತಿ. ಹಿಡಿತವಿರುವ ಶೂ ಬೇಕೇ ಬೇಕು. ಬೆಳಕು ಹರಿಯುತ್ತಲೇ ಹೊರಡಿ. ಬಂಡೆ ಕಾದ ಮೇಲೆ ಡಿಸೆಂಬರ್‌ನಲ್ಲೂ ಸುಸ್ತಾಗುತ್ತದೆ.

ಮೇಲೆ ಸುಮಾರು 400 ಶಿಲಾ ಸಮಾಧಿಗಳಿವೆ, ಕ್ರಿ.ಪೂ. 800ರಿಂದ 200ರ ನಡುವಿನವು. ಮೂರು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ್ದು ಕೆಲವು. ಇನ್ನು ಕೆಲವಕ್ಕೆ ನಾಲ್ಕೂ ಕಡೆ ಗೋಡೆ, ಒಂದರಲ್ಲಿ ದುಂಡನೆಯ ಕಿಂಡಿ. ಆ ಕಿಂಡಿಯ ಅಂಚನ್ನು ಹತ್ತಿರದಿಂದ ನೋಡಿ. ಗಟ್ಟಿ ಗ್ರಾನೈಟನ್ನು ಅಷ್ಟು ಹದವಾಗಿ ಕೊರೆದಿದ್ದಾರಲ್ಲ, ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ! ಪಕ್ಕದಲ್ಲೊಂದು ಕೆರೆಯಿದೆ, ಅದು ಆಗಿನ ಕಲ್ಲುಗಣಿ, ಚಪ್ಪಡಿ ಎಬ್ಬಿಸಿದ್ದು ಅಲ್ಲಿಂದಲೇ. ಎತ್ತರದ ಬಂಡೆಯ ಮೇಲೆ ನಗಾರಿ ಕಲ್ಲು ಕೂತಿದೆ, ಬಡಿದರೆ ದೂರದವರೆಗೆ ಕೇಳುತ್ತದೆ. ಅಪ್ಪ ಅದನ್ನು ಕೆಳಗಿನಿಂದ ನೋಡಿದರೆ ಸಾಕು.

ಕುಡಿಯುವ ನೀರು ಮಾತ್ರ ಹೊತ್ತುಕೊಂಡೇ ಹೋಗಿ, ತಲೆಗೆ ಎರಡು ಲೀಟರ್.

ಉತ್ತರ 2: ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ ಅಣ್ಣ, ಕಾಲುದಾರಿ ಕವಲೊಡೆಯುತ್ತದೆ. ಕರಡಿ ಓಡಾಡುವ ಜಾಗ, ಸಂಜೆಯೊಳಗೆ ಇಳಿದುಬಿಡಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಆಯ್ತು. ಗುಹೆಗಳಲ್ಲಿ ಚಿತ್ರಗಳೂ ಇವೆಯಂತೆ, ಹೌದಾ?

ಉತ್ತರ 1: ಹೌದು, ಕೆಂಪು ಬಣ್ಣದವು. ಮನುಷ್ಯರು, ಪ್ರಾಣಿಗಳು. ದಯವಿಟ್ಟು ಯಾರೂ ಕೈ ಹಚ್ಚಬೇಡಿ, ನೀರು ಚಿಮುಕಿಸಿ ಫೋಟೊ ತೆಗೆಯಬೇಡಿ. 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ ಇದು.