ಮುನ್ನಡೆ ಸಿಕ್ಕ ಮೇಲೆ ಭಾರತ ಫುಟ್‌ಬಾಲ್ ತಂಡ ಹಿಂದಕ್ಕೆ ಸರಿಯುತ್ತದೆಯೋ, ಸರಿಸಲ್ಪಡುತ್ತದೆಯೋ?

ಬೆಣ್ಣೆನಗರಿಯ ನೋಡುಗ, ದಾವಣಗೆರೆ (16 ಅಕ್ಟೋಬರ್ 2025)

ಮೊನ್ನೆ ಮಂಗಳವಾರ ಗೋವಾದ ಫತೋರ್ಡಾದಲ್ಲಿ ನಡೆದ ಸಿಂಗಪುರ ಎದುರಿನ ಪಂದ್ಯವನ್ನು ಪಿ.ಜೆ. ಬಡಾವಣೆಯ ನಮ್ಮ ಬಾಡಿಗೆ ಕೋಣೆಯಲ್ಲಿ ಮೂವರು ಗೆಳೆಯರು ಒಂದೇ ಮೊಬೈಲಿನ ಮುಂದೆ ಕುಳಿತು ನೋಡಿದೆವು. 14ನೇ ನಿಮಿಷದಲ್ಲಿ ಲಾಲಿಯನ್‌ಜುವಾಲ ಚಾಂಗ್ಟೆ ಪೆನಾಲ್ಟಿ ಆವರಣದ ಹೊರಗಿನಿಂದಲೇ ಬಾರಿಸಿದ ಚೆಂಡು ಬಲೆ ಸೇರಿದಾಗ, 2027ರ ಏಷ್ಯಾ ಕಪ್‌ನ ಆಸೆ ಇನ್ನೂ ಜೀವಂತವಾಗಿದೆ ಎಂದು ನಂಬಿದ್ದೆವು. ಆದರೆ 44ನೇ ಮತ್ತು 58ನೇ ನಿಮಿಷಗಳಲ್ಲಿ ಸಾಂಗ್ ಉಯಿ-ಯಂಗ್ ಗಳಿಸಿದ ಎರಡು ಗೋಲುಗಳಿಂದ ಪಂದ್ಯವೂ ಹೋಯಿತು, ಅರ್ಹತೆಯ ದಾರಿಯೂ ಮುಚ್ಚಿಹೋಯಿತು.

ಸೋಲಿಗಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಆ ಸೋಲಿನ ರೀತಿ. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ವಿರುದ್ಧ ಸುನಿಲ್ ಚೆಟ್ರಿ ತಮ್ಮ 150ನೇ ಪಂದ್ಯದಲ್ಲಿ 38ನೇ ನಿಮಿಷಕ್ಕೆ ಪೆನಾಲ್ಟಿ ಗೋಲು ಹೊಡೆದರು. 70 ಮತ್ತು 88ನೇ ನಿಮಿಷಗಳಲ್ಲಿ ಗೋಲು ಬಿಟ್ಟುಕೊಟ್ಟು 1-2ರಿಂದ ಸೋತೆವು. ಅದೇ ವರ್ಷ ಜೂನ್ 11ರಂದು ದೋಹಾದಲ್ಲಿ ಕತಾರ್ ವಿರುದ್ಧ 37ನೇ ನಿಮಿಷದಲ್ಲಿ ಚಾಂಗ್ಟೆ ಮುನ್ನಡೆ ತಂದುಕೊಟ್ಟರು. 73 ಮತ್ತು 85ನೇ ನಿಮಿಷಗಳಲ್ಲಿ ಗೋಲು ಬಿಟ್ಟು ಮತ್ತೆ 1-2. ಈಗ ಫತೋರ್ಡಾದಲ್ಲಿಯೂ 1-2. ಹತ್ತೊಂಬತ್ತು ತಿಂಗಳಲ್ಲಿ ಮೂರು ಸಲ ಒಂದೇ ಕಥೆ ನಡೆದಿದೆ. ಮೊದಲ ಎರಡು ಪಂದ್ಯಗಳಲ್ಲಿ ತರಬೇತುದಾರರಾಗಿದ್ದವರು ಇಗೋರ್ ಸ್ಟಿಮ್ಯಾಚ್, ಈಗಿರುವವರು ಖಾಲಿದ್ ಜಮೀಲ್. ಹಾಗಾಗಿ ಇದನ್ನು ಒಬ್ಬ ತರಬೇತುದಾರರ ತಲೆಗೆ ಕಟ್ಟಿ ಸುಮ್ಮನಾಗುವಂತಿಲ್ಲ.

ಟಿ.ವಿ.ಯಲ್ಲಿ ಮಾತನಾಡುವವರು "ಮನೋಬಲ ಕುಸಿಯಿತು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮನೋಬಲ ಏಕೆ ಕುಸಿಯಿತು, ಮೈದಾನದ ಯಾವ ಭಾಗದಲ್ಲಿ ಕುಸಿಯಿತು ಎಂದು ಯಾರೂ ಹೇಳುವುದಿಲ್ಲ. ಕ್ರಿಕೆಟ್ ನೋಡುತ್ತ ಬೆಳೆದ ನನ್ನಂಥವನಿಗೆ ಅರ್ಥವಾಗದಿರುವುದು ಇಷ್ಟು: ಗೋಲು ಗಳಿಸಿದ ಮೇಲೆ ನಮ್ಮ ತಂಡ ಹಿಂದೆ ನಿಂತು ಕಾಪಾಡಿಕೊಳ್ಳೋಣ ಎಂದು ತೀರ್ಮಾನಿಸಿಯೇ ಹಿಂದಕ್ಕೆ ಸರಿಯುತ್ತದೆಯೋ, ಅಥವಾ ಮುಂದೆ ನಿಲ್ಲಬೇಕೆಂದಿದ್ದರೂ ಎದುರಾಳಿಗಳು ಅದನ್ನು ಹಿಂದಕ್ಕೆ ತಳ್ಳುತ್ತಾರೆಯೋ? ಬಲ್ಲವರು ದಯವಿಟ್ಟು ವಿವರಿಸಬೇಕು.

ಕಲ್ಲಿನಕೋಟೆ, ಚಿತ್ರದುರ್ಗ (16 ಅಕ್ಟೋಬರ್ 2025)

ತಮ್ಮ ಪ್ರಶ್ನೆಯಲ್ಲಿರುವ ಎರಡನೆಯ ಊಹೆಯೇ ಸತ್ಯಕ್ಕೆ ಹತ್ತಿರ ಎಂದು ನನ್ನ ಅನಿಸಿಕೆ. ಹಿಂದೆ ನಿಂತು ಕಾಪಾಡುವುದು ತನ್ನಷ್ಟಕ್ಕೆ ತಪ್ಪು ತಂತ್ರವಲ್ಲ. 2024ರ ಜನವರಿ 13ರಂದು ಏಷ್ಯಾ ಕಪ್‌ನಲ್ಲಿ ಆಸ್ಟ್ರೇಲಿಯಾದ ವಿರುದ್ಧ ಇದೇ ಭಾರತ ಮೊದಲಾರ್ಧವನ್ನು ಗೋಲಿಲ್ಲದೆ ಮುಗಿಸಿತ್ತು. ತೊಂದರೆ ಆರಂಭವಾಗುವುದು ಚೆಂಡನ್ನು ಕಸಿದುಕೊಂಡ ಕ್ಷಣದಲ್ಲಿ. ಕಸಿದ ಚೆಂಡನ್ನು ಯಾರಿಗೆ ಕೊಡಬೇಕು? ಮುಂದೆ ಗೋಲು ಹೊಡೆಯಬೇಕಾದ ಸ್ಟ್ರೈಕರ್ ಒಬ್ಬನೇ ಇರುತ್ತಾನೆ, ಅವನ ಬೆನ್ನಿಗೆ ಇಬ್ಬರು ಡಿಫೆಂಡರ್‌ಗಳು ಅಂಟಿಕೊಂಡಿರುತ್ತಾರೆ. ಬದಿಯಲ್ಲಿ ಓಡುವ ಚಾಂಗ್ಟೆಯಂಥ ವೇಗದ ವಿಂಗರ್, ಎದುರಾಳಿಯ ಫುಲ್‌ಬ್ಯಾಕ್‌ನ, ಅಂದರೆ ಬದಿಯ ಡಿಫೆಂಡರ್‌ನ, ಬೆನ್ನು ಹತ್ತಿ ನಮ್ಮದೇ ಕಾರ್ನರ್ ಧ್ವಜದ ಹತ್ತಿರಕ್ಕೆ ಬಂದು ನಿಂತಿರುತ್ತಾನೆ. ಆಗ ಉಳಿಯುವುದು ಬಲವಾಗಿ ದೂರಕ್ಕೆ ಒದೆಯುವ ದಾರಿಯೊಂದೇ. ಒದ್ದ ಚೆಂಡು ಎದುರಾಳಿಗೇ ಸಿಗುತ್ತದೆ, ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಇನ್ನೊಂದು ದಾಳಿ ಬರುತ್ತದೆ. ಇದು ಐದಾರು ಸಲ ನಡೆದರೆ ರಕ್ಷಣಾ ಪಂಕ್ತಿ ಯಾರ ಅಪ್ಪಣೆಯೂ ಇಲ್ಲದೆ ತಾನಾಗಿಯೇ ಹತ್ತು ಹೆಜ್ಜೆ ಹಿಂದಕ್ಕೆ ಹೋಗಿರುತ್ತದೆ.

ಇನ್ನೊಂದು ಅಂಶವನ್ನು ಗಮನಿಸಬೇಕು. ನಮಗೆ ಗೋಲು ಹೊಡೆದವರು ಯಾರು ಎಂದು ನೋಡಿ: ಆಸ್ಟ್ರೇಲಿಯಾದ ಜಾಕ್ಸನ್ ಇರ್ವಿನ್, ಉಜ್ಬೇಕಿಸ್ತಾನದ ಫೈಜುಲ್ಲಾಯೆವ್, ಅಫ್ಗಾನಿಸ್ತಾನದ ರಹ್ಮತ್ ಅಕ್ಬರಿ, ಈಗ ಸಿಂಗಪುರದ ಸಾಂಗ್. ಇವರೆಲ್ಲ ಮೈದಾನದ ನಡುವೆ ಆಡುವ ಮಿಡ್‌ಫೀಲ್ಡರ್‌ಗಳು. ಆಸ್ಟ್ರೇಲಿಯಾದ ಎರಡನೆಯ ಗೋಲನ್ನು ಹೊಡೆದ ಜೋರ್ಡನ್ ಬಾಸ್ ಬದಲಿ ಆಟಗಾರನಾಗಿ ಆಗಷ್ಟೇ ಮೈದಾನಕ್ಕಿಳಿದಿದ್ದ ಎಡಬದಿಯ ಡಿಫೆಂಡರ್. ಅಂದರೆ ನಮ್ಮ ಡಿಫೆಂಡರ್‌ಗಳು ಕಣ್ಣಿಟ್ಟು ಕಾಯುವ ಸ್ಟ್ರೈಕರ್‌ಗಳಿಗಿಂತ, ಎರಡನೆಯ ಸಾಲಿನಿಂದ ತಡವಾಗಿ ಓಡಿಬರುವವರು ನಮ್ಮನ್ನು ಹೆಚ್ಚು ಸೋಲಿಸಿದ್ದಾರೆ. ರಕ್ಷಣಾ ಪಂಕ್ತಿ ಹಿಂದಕ್ಕೆ ಹೋದಷ್ಟೇ ಬೇಗ ಮಿಡ್‌ಫೀಲ್ಡ್ ಹಿಂದಕ್ಕೆ ಬರದಿದ್ದರೆ ಪೆನಾಲ್ಟಿ ಆವರಣದ ಅಂಚಿನಲ್ಲಿ ಒಂದು ಬಯಲು ಉಂಟಾಗುತ್ತದೆ. ಅಲ್ಲಿಗೆ ಬಂದವನನ್ನು ಹಿಡಿಯಬೇಕಾದವನು ರಕ್ಷಣಾ ಪಂಕ್ತಿಯ ನಡುವೆ ನಿಲ್ಲುವ ಸೆಂಟರ್‌ಬ್ಯಾಕೋ ಮಿಡ್‌ಫೀಲ್ಡರೋ ಎಂಬುದು ಇತ್ಯರ್ಥವಾಗುವ ಮೊದಲೇ ಚೆಂಡು ಬಲೆಯಲ್ಲಿರುತ್ತದೆ. ನಮ್ಮ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಏಳು ಸುತ್ತಿನ ಕೋಟೆ ಕಟ್ಟಿದ್ದರೂ ಹೈದರಾಲಿಯ ಸೈನಿಕರು ಬಂದದ್ದು ಕಿಂಡಿಯಿಂದ, ಮತ್ತು ಆ ಕಿಂಡಿಯ ಬಾಯಲ್ಲಿ ಒನಕೆ ಹಿಡಿದು ಒಬ್ಬಳು ನಿಂತಿದ್ದಳು ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆ ಏಷ್ಯಾ ಕಪ್‌ನಲ್ಲಿ ಕಿಂಡಿ ಕಾಯಬೇಕಿದ್ದ ಮಿಡ್‌ಫೀಲ್ಡರ್ ಜೀಕ್ಸನ್ ಸಿಂಗ್ ಗಾಯದಿಂದ ತಂಡದಲ್ಲಿರಲಿಲ್ಲ, ಹಿಂಬದಿಯಿಂದ ಚೆಂಡನ್ನು ನೆಮ್ಮದಿಯಾಗಿ ಹೊರತರಬಲ್ಲ ಅನ್ವರ್ ಅಲಿಯೂ ಇರಲಿಲ್ಲ. ಮೂರು ಪಂದ್ಯಗಳಲ್ಲಿ ಆರು ಗೋಲು ಬಿಟ್ಟು, ಒಂದನ್ನೂ ಹೊಡೆಯದೆ ಮರಳಿದೆವು.

ಇದೇ ತಂಡ ಬೇರೆ ರೀತಿಯಲ್ಲಿ ಆಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವದಲ್ಲಿ ಕುವೈತ್ ವಿರುದ್ಧ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್ ಟೂರ್ನಿ) ಫೈನಲ್ ನೋಡಲು ದುರ್ಗದಿಂದ ಬಸ್ಸಿನಲ್ಲಿ ಹೋಗಿದ್ದೆ. ಮೊದಲು ಗೋಲು ಬಿಟ್ಟುಕೊಟ್ಟ ಭಾರತ, ಸಹಲ್ ಅಬ್ದುಲ್ ಸಮದ್ ಅಡ್ಡಲಾಗಿ ತಳ್ಳಿದ ಚೆಂಡಿನಿಂದ ಚಾಂಗ್ಟೆಯ ಮೂಲಕ ಸಮಬಲ ಸಾಧಿಸಿ, ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದಿತು. ಆ ಗೋಲಿನ ವೇಳೆ ನಮ್ಮ ಆಟಗಾರರು ಒಬ್ಬರಿಗೊಬ್ಬರು ಎಷ್ಟು ಹತ್ತಿರದಲ್ಲಿದ್ದರೆಂದರೆ, ಗ್ಯಾಲರಿಯ ಮೇಲಿನಿಂದ ನೋಡಿದ ನಮಗೆ ಮುಂದಿನ ಪಾಸ್ ಯಾರಿಗೆ ಎಂಬುದು ಮೊದಲೇ ತಿಳಿಯುತ್ತಿತ್ತು. ಆ ಹತ್ತಿರ ಫತೋರ್ಡಾದಲ್ಲಿ ಕಾಣಲಿಲ್ಲ.

ಎಡಗಾಲಿನವ, ಹರಿಹರ (17 ಅಕ್ಟೋಬರ್ 2025)

ಕಲ್ಲಿನಕೋಟೆ ಅವರ ವಿವರಣೆಯನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರು ಮೂರು ಪಂದ್ಯಗಳನ್ನು ಒಂದೇ ದಾರಕ್ಕೆ ಪೋಣಿಸಿರುವುದು ಸರಿಯಲ್ಲ. ದೋಹಾದಲ್ಲಿ ಕತಾರ್‌ನ ಮೊದಲ ಗೋಲಿಗೆ ಮುನ್ನ ಚೆಂಡು ಗೋಲು ಗೆರೆಯನ್ನು ದಾಟಿ ಹೊರಗೆ ಹೋಗಿದ್ದುದನ್ನು ಎಲ್ಲರೂ ನೋಡಿದ್ದಾರೆ. ರೆಫರಿ ಆಟ ನಿಲ್ಲಿಸಲಿಲ್ಲ. ಅದನ್ನು ತಂತ್ರದ ದೋಷ ಎನ್ನುವುದು ಆಟಗಾರರಿಗೆ ಮಾಡುವ ಅನ್ಯಾಯ. ಚೆಂಡು ಹೊರಹೋಯಿತೆಂದು ಸೀಟಿ ಊದುವ ಮೊದಲೇ ಆಟ ನಿಲ್ಲಿಸಬಾರದಿತ್ತು ಎಂದು ಬೇಕಾದರೆ ಹೇಳಬಹುದು. ಫತೋರ್ಡಾದ ಗೋಲುಗಳೂ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಬಂದವಲ್ಲ. ಆದ್ದರಿಂದ ಕೊನೆಯ ಹೊತ್ತಿನಲ್ಲಿ ದಣಿದು ಗೋಲು ಬಿಡುತ್ತೇವೆ ಎಂಬ ವಾದ ಗುವಾಹಟಿಗೆ ಹೊಂದುತ್ತದೆ, ಅದೇ ಏಷ್ಯಾ ಕಪ್‌ನಲ್ಲಿ ಸಿರಿಯಾ 76ನೇ ನಿಮಿಷದಲ್ಲಿ ಹೊಡೆದ ಗೋಲಿಗೆ ಹೊಂದುತ್ತದೆ, ಸಿಂಗಪುರಕ್ಕೆ ಹೊಂದುವುದಿಲ್ಲ. ಸಿಂಗಪುರದಲ್ಲಿ ನಡೆದ ಮೊದಲ ಪಂದ್ಯದಲ್ಲಿ ಕೆಂಪು ಕಾರ್ಡ್ ಪಡೆದ ಸಂದೇಶ್ ಜಿಂಗಾನ್ ಫತೋರ್ಡಾದಲ್ಲಿ ಆಡುವಂತಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತಂತ್ರದ ಬೇರು ಮೈದಾನದ ಹೊರಗೂ ಇದೆ. ನಮ್ಮ ಕ್ಲಬ್‌ಗಳು ಆಡುವ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಒಂದು ತಂಡ ಏಕಕಾಲಕ್ಕೆ ನಾಲ್ವರು ವಿದೇಶಿ ಆಟಗಾರರನ್ನು ಕಣಕ್ಕಿಳಿಸಬಹುದು. ಅವರಲ್ಲಿ ಒಬ್ಬ ಸ್ಟ್ರೈಕರ್, ಒಬ್ಬ ಅವನ ಹಿಂದೆ ಆಡುವವ ಎಂಬುದು ಬಹುತೇಕ ಖಚಿತ. ಭಾರತೀಯರಿಗೆ ಉಳಿಯುವುದು ರೆಕ್ಕೆಯ ಬದಿಗಳು ಮತ್ತು ಹಿಂಬದಿ. ಬೆನ್ನಿಗೆ ಡಿಫೆಂಡರ್ ಅಂಟಿಕೊಂಡಿರುವಾಗ ಚೆಂಡನ್ನು ಹಿಡಿದಿಟ್ಟುಕೊಂಡು ಜೊತೆಗಾರರು ಮೇಲೆ ಬರುವವರೆಗೆ ಕಾಯುವ ಕೆಲಸ ಅಭ್ಯಾಸದಿಂದ ಬರುವಂಥದು. ವರ್ಷವಿಡೀ ಕ್ಲಬ್‌ನಲ್ಲಿ ಆ ಜಾಗದಲ್ಲಿ ಆಡದವನಿಗೆ ಹತ್ತು ದಿನಗಳ ಶಿಬಿರದಲ್ಲಿ ಅದನ್ನು ಕಲಿಸಲಾಗದು. 2024ರ ಜೂನ್‌ನಲ್ಲಿ ನಿವೃತ್ತರಾದ ಸ್ಟ್ರೈಕರ್ ಚೆಟ್ರಿಯವರನ್ನು 2025ರ ಮಾರ್ಚ್‌ನಲ್ಲಿ, ನಲವತ್ತರ ವಯಸ್ಸಿನಲ್ಲಿ, ಮತ್ತೆ ಕರೆತರಬೇಕಾಯಿತು. ಮಾಲ್ಡೀವ್ಸ್ ವಿರುದ್ಧ ಅವರು ಗೋಲನ್ನೂ ಹೊಡೆದರು. ಅದನ್ನು ನೋಡಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ, ನಾಚಿಕೆಪಟ್ಟವರಲ್ಲಿಯೂ ಒಬ್ಬ. ಇದರ ಮೇಲೆ, ಸ್ಟಿಮ್ಯಾಚ್ ನಂತರ ಬಂದ ಮನೊಲೊ ಮಾರ್ಕ್ವೆಜ್ ಎಫ್‌ಸಿ ಗೋವಾ ತಂಡವನ್ನೂ ನೋಡಿಕೊಳ್ಳುತ್ತಲೇ ರಾಷ್ಟ್ರೀಯ ತಂಡವನ್ನು ನಡೆಸಿದರು, ಮತ್ತು 2025ರ ಜುಲೈಯಲ್ಲಿ ಐಎಸ್‌ಎಲ್ ಅನ್ನೇ ತಡೆಹಿಡಿಯಲಾಯಿತು. ಲೀಗ್ ಪಂದ್ಯಗಳೇ ಇಲ್ಲದ ಆಟಗಾರರನ್ನು ಖಾಲಿದ್ ಜಮೀಲ್ ಅರ್ಹತಾ ಪಂದ್ಯಕ್ಕೆ ಇಳಿಸಬೇಕಾಗಿತ್ತು.

ನಿವೃತ್ತ ಪಿ.ಟಿ. ಮೇಷ್ಟ್ರು, ಹೊಳಲ್ಕೆರೆ (19 ಅಕ್ಟೋಬರ್ 2025)

ಮೂವತ್ತು ವರ್ಷ ಮಕ್ಕಳಿಗೆ ಖೋಖೋ, ಕಬಡ್ಡಿ ಕಲಿಸಿದವನು ನಾನು, ಫುಟ್‌ಬಾಲ್‌ನಲ್ಲಿ ಪಂಡಿತನಲ್ಲ. ಆದರೂ ಒಂದು ಮಾತು. ಖೋಖೋದಲ್ಲಿ ಕುಳಿತ ಹುಡುಗಿ ಬೆನ್ನಿಗೆ ಖೋ ಬಿದ್ದ ಮೇಲೆ ಯಾವ ದಿಕ್ಕಿಗೆ ಓಡಬೇಕೆಂದು ಯೋಚಿಸುವುದಿಲ್ಲ. ಓಡುವವರ ಮೇಲೆ ಕಣ್ಣಿಟ್ಟು, ಕಾಲು ಸಜ್ಜಾಗಿಟ್ಟುಕೊಂಡೇ ಕುಳಿತಿರುತ್ತಾಳೆ. ನಮ್ಮ ಮಿಡ್‌ಫೀಲ್ಡ್ ಆಟಗಾರರನ್ನು ನೋಡುವಾಗ ನನಗೆ ಕಾಣುವ ಕೊರತೆ ಇದೇ. ಚೆಂಡು ಕಾಲಿಗೆ ಬಂದ ಮೇಲೆ ತಲೆ ಎತ್ತುತ್ತಾರೆ. ಎದುರಾಳಿಯ ಗೋಲಿನ ಕಡೆಗೆ ಮೈ ಅರ್ಧ ತಿರುಗಿಸಿ ಚೆಂಡು ಪಡೆಯುವ ಬದಲು ನಮ್ಮ ಗೋಲಿಗೇ ಮುಖ ಮಾಡಿ ಪಡೆಯುತ್ತಾರೆ. ಹಾಗೆ ಪಡೆದವನಿಗೆ ಹಿಂದಕ್ಕೆ ಕೊಡುವುದನ್ನು ಬಿಟ್ಟು ಬೇರೆ ದಾರಿ ಕಾಣುವುದಿಲ್ಲ. ಕಲ್ಲಿನಕೋಟೆಯವರು ಹೇಳಿದ ದೂರದ ಒದೆತ ಹುಟ್ಟುವುದು ಅಲ್ಲಿಂದಲೇ: ಹಿಂದಕ್ಕೆ ಬಂದ ಚೆಂಡನ್ನು ಒತ್ತಡದಲ್ಲಿರುವ ಡಿಫೆಂಡರ್ ಒದೆಯದೆ ಇನ್ನೇನು ಮಾಡಿಯಾನು?

ನಮ್ಮ ಶಾಲೆಗಳ ಕೆಂಪು ಮಣ್ಣಿನ, ಬೇಸಿಗೆಯಲ್ಲಿ ಕಲ್ಲಿನಂತಾಗುವ ಅಂಗಳದಲ್ಲಿ ಚೆಂಡು ಮೊಣಕಾಲಿನವರೆಗೆ ಪುಟಿಯುತ್ತದೆ. ಅಲ್ಲಿ ಮಗು ಚೆಂಡನ್ನು ತಡೆದು ನಿಲ್ಲಿಸುವುದನ್ನು ಕಲಿಯುವುದಿಲ್ಲ, ತನ್ನಿಂದ ದೂರ ಮಾಡುವುದನ್ನು ಕಲಿಯುತ್ತದೆ. ಹನ್ನೆರಡರ ಹರೆಯದಲ್ಲಿ ಕಾಲಿಗೆ ಬಂದ ಅಭ್ಯಾಸ ಇಪ್ಪತ್ತೈದರಲ್ಲಿ ಒತ್ತಡ ಬಿದ್ದಾಗ ಮತ್ತೆ ತಲೆ ಎತ್ತುತ್ತದೆ. ಇನ್ನು ಸಿಕ್ಕ ಅವಕಾಶ ಕೈಬಿಡುವ ಕಾಯಿಲೆ ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದರೂ ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು 1-2ರಿಂದ ಸೋತಿದ್ದೆವು. ಅಂದು ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು, ಆ ರಿಯಾಯಿತಿ ಅವರಿಗಿದೆ.

ಬೆಣ್ಣೆನಗರಿಯ ನೋಡುಗ, ದಾವಣಗೆರೆ (19 ಅಕ್ಟೋಬರ್ 2025)

ಮೇಷ್ಟ್ರೇ, ತಾವು ಹೇಳಿದ ಮೈ ತಿರುಗಿಸುವ ವಿಷಯವನ್ನು ಓದಿದ ಮೇಲೆ ಫತೋರ್ಡಾ ಪಂದ್ಯದ ಎರಡನೆಯ ಅವಧಿಯನ್ನು ಮತ್ತೆ ನೋಡಿದೆ. ಮೊದಲ ಸಲ ಚೆಂಡನ್ನು ಮಾತ್ರ ನೋಡುತ್ತಿದ್ದೆ, ಈ ಸಲ ಚೆಂಡಿಗಾಗಿ ಕಾಯುವವರನ್ನು ನೋಡಿದೆ. ಬೇರೆಯೇ ಪಂದ್ಯ ನೋಡಿದಂತಾಯಿತು. ದೋಹಾದ ವಿಷಯದಲ್ಲಿ ಎಡಗಾಲಿನವರ ಆಕ್ಷೇಪವನ್ನು ಒಪ್ಪಿಕೊಂಡಿದ್ದೇನೆ. ಉಳಿದಿರುವ ಅನುಮಾನ ಒಂದೇ: ಆಗಸ್ಟ್‌ನಲ್ಲಿ ತಜಿಕಿಸ್ತಾನದ ವಿರುದ್ಧ ಇದೇ ತಂಡ ಎರಡು ಗೋಲುಗಳ ಮುನ್ನಡೆ ಪಡೆದು 2-1ರಿಂದ ಗೆದ್ದು ಬಂದಿತಲ್ಲ, ಅದು ಹೇಗೆ ಸಾಧ್ಯವಾಯಿತು?

ಕಲ್ಲಿನಕೋಟೆ, ಚಿತ್ರದುರ್ಗ (20 ಅಕ್ಟೋಬರ್ 2025)

ಆ ಎರಡು ಗೋಲುಗಳನ್ನು ಹೊಡೆದವರು ಅನ್ವರ್ ಅಲಿ ಮತ್ತು ಜಿಂಗಾನ್, ಇಬ್ಬರೂ ಡಿಫೆಂಡರ್‌ಗಳು. ಪಂದ್ಯ ಆರಂಭವಾಗಿ ಕಾಲು ಗಂಟೆಯೊಳಗೇ ಎರಡೂ ಬಂದವು. ಮಾಲ್ಡೀವ್ಸ್ ವಿರುದ್ಧದ ಮೂರೂ ಗೋಲುಗಳು ತಲೆಹೊಡೆತದಿಂದ ಬಂದಿದ್ದವು. ಕಾರ್ನರ್, ಉದ್ದನೆಯ ಥ್ರೋ, ಕ್ರಾಸ್ ಇವುಗಳಿಂದ ಗೋಲು ಗಳಿಸುವುದರಲ್ಲಿ ನಾವು ಕೆಟ್ಟವರಲ್ಲ, ಖಾಲಿದ್ ಅದನ್ನೇ ನೆಚ್ಚಿಕೊಂಡಿದ್ದಾರೆ. ಆದರೆ ಆ ದಾರಿ ಗೋಲನ್ನು ಕೊಡುತ್ತದೆಯೇ ಹೊರತು, ಬಳಿಕ ಚೆಂಡನ್ನು ನಮ್ಮಲ್ಲೇ ಇಟ್ಟುಕೊಳ್ಳುವ ವಿದ್ಯೆಯನ್ನು ಕೊಡುವುದಿಲ್ಲ. ತಜಿಕಿಸ್ತಾನದಲ್ಲಿಯೂ ಉಳಿದ ಸಮಯವೆಲ್ಲ ಗುರುಪ್ರೀತ್ ಸಿಂಗ್ ಸಂಧು ಗೋಲಿನ ಬಾಯಲ್ಲಿ ನಿಂತು ಕಾಪಾಡಬೇಕಾಯಿತು. ಅವರು ಒಂದು ಪೆನಾಲ್ಟಿಯನ್ನೂ ತಡೆದರು.

ಎಡಗಾಲಿನವ, ಹರಿಹರ (19 ನವೆಂಬರ್ 2025)

ಹಳೆಯ ಚರ್ಚೆಯನ್ನು ಮತ್ತೆ ಮೇಲೆತ್ತುತ್ತಿರುವುದಕ್ಕೆ ಕ್ಷಮೆಯಿರಲಿ. ನಿನ್ನೆ ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 0-1ರಿಂದ ಸೋತೆವು. 22 ವರ್ಷಗಳ ಬಳಿಕ ಅವರಿಗೆ ಸೋತಿದ್ದೇವೆ. ರಕೀಬ್ ಹೊಸೈನ್ ಬದಿಯಲ್ಲಿ ಓಡಿ ಕೊಟ್ಟ ಪಾಸನ್ನು ಶೇಖ್ ಮೊರ್ಸಾಲಿನ್ ಗೋಲಾಗಿಸಿದಾಗ ಪಂದ್ಯ ಆರಂಭವಾಗಿ ಕಾಲು ಗಂಟೆಯೂ ಆಗಿರಲಿಲ್ಲ. ಈ ಸಲ ಕಾಪಾಡಿಕೊಳ್ಳಲು ಮುನ್ನಡೆಯೇ ಇರಲಿಲ್ಲ, ಹಿಂದಕ್ಕೆ ಸರಿಯುವ ಪ್ರಶ್ನೆಯೂ ಇರಲಿಲ್ಲ. ಎದುರಾಳಿಗಳೇ ಹಿಂದೆ ನಿಂತು ಬಾಗಿಲು ಹಾಕಿಕೊಂಡಾಗ, ಒಂದು ಗಂಟೆಗೂ ಹೆಚ್ಚು ಸಮಯವಿದ್ದರೂ ನಮಗೆ ಅವರ ಕಿಂಡಿ ಸಿಗಲಿಲ್ಲ. ಮೇಷ್ಟ್ರು ನೋಡಿದ್ದರೆ, ಬದಿಯಿಂದ ಬದಿಗೆ ಹೋಗುತ್ತಿದ್ದ ಆ ಪಾಸ್‌ಗಳ ಬಗ್ಗೆ ಬರೆಯಬೇಕು.