ಕೋಶದಿಂದ ದೇಹದವರೆಗೆ: ಮಗಳಿಗೆ ಹೇಗೆ ಹೇಳಿಕೊಡಲಿ?

ಉಡುಪಿಯ ತಾಯಿಯೊಬ್ಬರ ಪ್ರಶ್ನೆ: ಮಗಳು ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಕೋಶ, ಜೀರ್ಣಾಂಗ, ರಕ್ತ ಪರಿಚಲನೆ, ಮೂತ್ರಪಿಂಡ ಎಲ್ಲವನ್ನೂ ಬಾಯಿಪಾಠ ಮಾಡುತ್ತಾಳೆ. ಆದರೆ ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂದು ಕೇಳಿದರೆ ಸುಮ್ಮನಾಗುತ್ತಾಳೆ. ಅನುಭವವಿದ್ದವರು ದಾರಿ ತೋರಿಸಿ.

ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಉಡುಪಿ:
ಅಧ್ಯಾಯಗಳ ಕ್ರಮವನ್ನು ಸ್ವಲ್ಪ ದಿನ ಬದಿಗಿಡಲು ಹೇಳಿ. ಒಂದು ತುತ್ತು ಕುಚ್ಚಲಕ್ಕಿ ಗಂಜಿ ಬಾಯಿಗಿಟ್ಟ ಮೇಲೆ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಅವಳೇ ಬೆನ್ನಟ್ಟಲಿ. ನನ್ನ ವಿದ್ಯಾರ್ಥಿಗಳಿಗೆ ವಿಷಯ ಹಿಡಿತಕ್ಕೆ ಸಿಕ್ಕಿದ್ದು ಹೀಗೆಯೇ.

ಮೊದಲ ಹೆಜ್ಜೆ ನಿಮ್ಮ ಅಡುಗೆಮನೆಯಲ್ಲೇ ಆಗಲಿ. ಗಂಜಿತಿಳಿಗೆ ಧಾರಾಳವಾಗಿ ನೀರು ಬೆರೆಸಿ ಎರಡು ಲೋಟಗಳಿಗೆ ಸ್ವಲ್ಪ ಸ್ವಲ್ಪ ಸುರಿಯಿರಿ. ಒಂದಕ್ಕೆ ಅವಳ ಜೊಲ್ಲು ಸೇರಿಸಿ ಕಲಕಲಿ. ಎರಡನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಔಷಧ ಅಂಗಡಿಯಲ್ಲಿ ಸಿಗುವ ಅಯೋಡಿನ್ ದ್ರಾವಣವನ್ನು ಒಂದೆರಡು ಹನಿ ಬಿಡಿ. ಬರಿಯ ತಿಳಿ ಅದರಲ್ಲಿರುವ ಪಿಷ್ಟದಿಂದಾಗಿ ಕಡುನೀಲಿಗೆ ತಿರುಗುತ್ತದೆ. ಜೊಲ್ಲು ಸೇರಿದ್ದು ಕಂದಾಗಿ ಉಳಿಯುತ್ತದೆ, ಇಲ್ಲವೇ ಮಸುಕಾಗುತ್ತದೆ. ಪಿಷ್ಟ ಎಲ್ಲಿ ಹೋಯಿತು? ಜೊಲ್ಲಿನಲ್ಲಿರುವ ಅಮೈಲೇಸ್ ಕಿಣ್ವ ಅದನ್ನು ಆಗಲೇ ಒಡೆದು ಸಕ್ಕರೆ ಮಾಡಿರುತ್ತದೆ. ಈ ಪ್ರಶ್ನೆ ಅವಳ ಬಾಯಿಂದಲೇ ಬರುವವರೆಗೆ ಉತ್ತರ ಹೇಳಬೇಡಿ.

ಜಠರದ ಆಮ್ಲದಲ್ಲಿ ಆ ಕಿಣ್ವದ ಆಟ ನಿಲ್ಲುತ್ತದೆ. ಉಳಿದ ಕೆಲಸ ಸಣ್ಣಕರುಳಿನದು, ಮೇದೋಜೀರಕ ಗ್ರಂಥಿಯ ರಸದ ನೆರವಿನಿಂದ. ಗ್ಲೂಕೋಸ್ ರಕ್ತಕ್ಕಿಳಿದು ಮೊದಲು ಪಿತ್ತಜನಕಾಂಗಕ್ಕೆ, ಆಮೇಲೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುವ ಹೃದಯಕ್ಕೆ ಹೋಗುತ್ತದೆ. ಕೊನೆಗೆ ಕಾಲಿನ ಸ್ನಾಯುವಿನ ಒಂದು ಕೋಶ. ಅಲ್ಲಿ ಇನ್ಸುಲಿನ್ ಒಳದಾರಿ ಬಿಡಿಸುತ್ತದೆ, ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದಲ್ಲಿ ಆಮ್ಲಜನಕ ಸೇರಿ, ಕೋಶ ಬಳಸುವ ಶಕ್ತಿಯ ಅಣುವಾದ ಎಟಿಪಿ ತಯಾರಾಗುತ್ತದೆ. ಉಂಡ ಗಂಜಿಯ ಇಂಗಾಲ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಬೀಳುತ್ತದೆ ಎಂದು ತಿಳಿದ ಮೇಲೆ ಶ್ವಾಸಕೋಶದ ಅಧ್ಯಾಯ ಬೇರೆಯದು ಎನಿಸುವುದೇ ಇಲ್ಲ.

ಗಂಜಿಯ ಜೊತೆಗಿನ ಬಂಗುಡೆಯನ್ನೂ ಹೀಗೆಯೇ ಬೆನ್ನಟ್ಟಿದರೆ ಪ್ರೋಟೀನಿನ ಸಾರಜನಕ ಪಿತ್ತಜನಕಾಂಗದಲ್ಲಿ ಯೂರಿಯಾ ಆಗಿ ಮೂತ್ರಪಿಂಡ ಸೇರುತ್ತದೆ. ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ, ಹೊರಹೋಗುವುದು ಒಂದೂವರೆ ಲೀಟರ್. ಉಳಿದದ್ದೆಲ್ಲ ಏನಾಯಿತು ಎಂದು ಅವಳನ್ನೇ ಕೇಳಿ.

ಪ್ರಯೋಗಾಲಯ ತಂತ್ರಜ್ಞೆ, ಮಂಗಳೂರು:
ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಇದಕ್ಕೆ ಒಂದು ಕಾಯಿಲೆಯ ದಾರಿಯನ್ನೂ ಸೇರಿಸಿ. ಮಳೆಗಾಲದ ನಮ್ಮ ಊರಿಗೆ ಮಲೇರಿಯಾ ಹೊಸದಲ್ಲ. ಸೊಳ್ಳೆ ಕಚ್ಚಿದಾಗ ಪರಾವಲಂಬಿ ನೇರ ಪಿತ್ತಜನಕಾಂಗದ ಕೋಶಕ್ಕೆ ನುಗ್ಗುತ್ತದೆ, ಅಲ್ಲಿ ವೃದ್ಧಿಯಾಗಿ ಕೆಂಪು ರಕ್ತಕಣಕ್ಕೆ ದಾಟುತ್ತದೆ. ಗಾಜಿನ ಪಟ್ಟಿಯ ಮೇಲೆ ಬಣ್ಣ ಹಾಕಿದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ವೈವಾಕ್ಸ್ ಎಂಬ ಬಗೆಯ ಪರಾವಲಂಬಿ ಹೊಕ್ಕ ಕಣ ಪಕ್ಕದ ಕಣಗಳಿಗಿಂತ ಊದಿಕೊಂಡಿರುತ್ತದೆ, ಒಳಗೆ ತೆಳು ನೀಲಿ ಉಂಗುರ, ಅದರ ಅಂಚಿಗೆ ಕೆಂಪು ಚುಕ್ಕೆ. ಕಣಗಳು ಒಟ್ಟಿಗೆ ಒಡೆದಾಗ ಚಳಿ, ಜ್ವರ. ವೈವಾಕ್ಸ್‌ನಲ್ಲಿ ಸಾಮಾನ್ಯವಾಗಿ 48 ಗಂಟೆಗೊಮ್ಮೆ. ಕೆಟ್ಟ ಕಣಗಳನ್ನು ತೆಗೆಯುವ ಗುಲ್ಮ ಊದಿಕೊಳ್ಳುತ್ತದೆ, ರಕ್ತಹೀನತೆಯಾದರೆ ಹೃದಯದ ಬಡಿತ ಏರುತ್ತದೆ. ಒಂದು ಕೋಶ ಒಡೆದರೆ ಇಡೀ ದೇಹ ಹೇಗೆ ನಡುಗುತ್ತದೆ ಎಂಬುದು ನನಗೆ ಅರ್ಥವಾಗಿದ್ದು ಆ ಪಟ್ಟಿಗಳನ್ನು ನೋಡಿಯೇ. ಕೆಂಪು ರಕ್ತಕಣಕ್ಕೆ ಕೋಶಕೇಂದ್ರವೂ ಇಲ್ಲ, ಮೈಟೊಕಾಂಡ್ರಿಯಾವೂ ಇಲ್ಲ, ಆದರೂ ಸುಮಾರು 120 ದಿನ ಬದುಕುತ್ತದೆ. ಹೇಗೆ ಎಂದು ಮಗಳು ಯೋಚಿಸಲಿ.

ನರ್ಸಿಂಗ್ ವಿದ್ಯಾರ್ಥಿನಿ, ಮಣಿಪಾಲ:
ಮೀನು ಕತ್ತರಿಸುವಾಗ ಕಿವಿರನ್ನು ಎಸೆಯದೆ ತೆಗೆದಿಡಿ. ನೀರಿನಲ್ಲಿ ಬಿಟ್ಟರೆ ಕೆಂಪು ಎಳೆಗಳು ಬಿಡಿಬಿಡಿಯಾಗಿ ಅರಳುತ್ತವೆ. ಅನಿಲ ದಾಟಬೇಕಾದರೆ ಅಷ್ಟು ವಿಸ್ತಾರ, ಅಷ್ಟು ತೆಳುವು ಬೇಕು. ನಮ್ಮ ಶ್ವಾಸಕೋಶದ ಗಾಳಿಗೂಡುಗಳೂ ಅದನ್ನೇ ಬೇರೆ ಆಕಾರದಲ್ಲಿ ಮಾಡುತ್ತವೆ. ಆಮೇಲೆ ಒಂದು ದಿನ ಮಣಿಪಾಲದ ಅಂಗರಚನಾಶಾಸ್ತ್ರ ಸಂಗ್ರಹಾಲಯಕ್ಕೆ ಕರೆದುಕೊಂಡು ಬನ್ನಿ. ಟಿಕೆಟ್ ಪಡೆದು ಯಾರು ಬೇಕಾದರೂ ನೋಡಬಹುದು. ನಿಜವಾದ ಅಂಗಗಳು ಗಾಜಿನ ಜಾಡಿಗಳಲ್ಲಿವೆ, ರೋಗ ತಗುಲಿದವೂ ಇವೆ. ಗಂಜಿಯ ದಾರಿಯನ್ನು ಕಾಗದದಲ್ಲಿ ಬರೆದುಕೊಂಡು, ಆ ಕ್ರಮದಲ್ಲೇ ಒಂದೊಂದು ಅಂಗವನ್ನು ಹುಡುಕಿಸಿ. ಬರುವ ಮೊದಲು ಸಮಯ ವಿಚಾರಿಸಿಕೊಳ್ಳಿ.