ಬೇಣದ ಕರಡ ಸುಡಲು ಯಾರ ಅನುಮತಿ ಪಡೆಯಬೇಕು?

ಪ್ರಶ್ನೆ (ಶಿರಸಿ ಕಡೆಯ ಅಡಿಕೆ ಬೆಳೆಗಾರ):
ನಮ್ಮ ತೋಟದ ಮೇಲ್ಬದಿಯಲ್ಲಿ ಸುಮಾರು ಒಂದು ಎಕರೆ ಮಾಲ್ಕಿ (ಸ್ವಂತ ಒಡೆತನದ) ಬೇಣ, ಅಂದರೆ ಹುಲ್ಲುಗಾವಲು ಇದೆ. ಅದರ ಮೂರು ಬದಿಗೂ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಶಿವರಾತ್ರಿಯ ಹೊತ್ತಿಗೆ ಅಲ್ಲಿ ಕರಡ (ಬೇಣದ ಹುಲ್ಲು) ಸೊಂಟದೆತ್ತರಕ್ಕೆ ಒಣಗಿ ನಿಲ್ಲುತ್ತದೆ. ಹೊಸ ಹುಲ್ಲು ಚೆನ್ನಾಗಿ ಚಿಗುರುತ್ತದೆ, ಉಣ್ಣಿಯ ಕಾಟವೂ ತಗ್ಗುತ್ತದೆ ಎಂದು ಅದಕ್ಕೆ ಬೆಂಕಿ ಕೊಡುವ ರೂಢಿ ಊರಿನಲ್ಲಿದೆ. ಸ್ವಂತ ಜಮೀನಿನಲ್ಲಿ ಹೀಗೆ ಸುಡಲು ಪಂಚಾಯಿತಿಯ ಅನುಮತಿ ಬೇಕೇ ಅಥವಾ ಅರಣ್ಯ ಇಲಾಖೆಯದೇ? ಬೆಟ್ಟದ ದರಕನ್ನೂ (ಉದುರಿದ ಒಣ ಎಲೆ) ಜೊತೆಗೇ ಸುಡಬಹುದೇ?

ಉತ್ತರ 1 (ವಕೀಲ, ಸಿದ್ದಾಪುರ):
ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅಪಾಯವಿರುವುದು ಅಲ್ಲಿ. ಸೊಪ್ಪಿನ ಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ದರಕು ತರುವ ಸವಲತ್ತೇ ಹೊರತು ಒಡೆತನವಲ್ಲ. ಆ ಭೂಮಿ ಮೀಸಲು ಅರಣ್ಯದ ಭಾಗವಾಗಿದ್ದರೆ ಅಲ್ಲಿ ಬೆಂಕಿ ಹಚ್ಚುವುದಷ್ಟೇ ಅಲ್ಲ, ಕಾಡಿಗೆ ಅಪಾಯವಾಗುವಂತೆ ಬೆಂಕಿಯನ್ನು ಉರಿಯಲು ಬಿಟ್ಟು ಬರುವುದು ಕೂಡ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅಭಯಾರಣ್ಯದೊಳಗಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಕೂಡ ಅನ್ವಯಿಸುತ್ತದೆ.

ಮಾಲ್ಕಿ ಬೇಣದ ಮಾತು ಬೇರೆ. ಆದರೆ ಪಂಚಾಯಿತಿಯ ಒಂದು ಚೀಟಿ ಕೈಯಲ್ಲಿದ್ದರೆ ಹೊಣೆ ಕಳೆಯಿತು ಎಂದು ಯಾರೂ ಭಾವಿಸಬಾರದು. ಬೆಂಕಿಯನ್ನು ಅಜಾಗರೂಕತೆಯಿಂದ ಬಳಸಿ ಇತರರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಅನ್ವಯ ಆರು ತಿಂಗಳವರೆಗೆ ಸೆರೆವಾಸ ಆಗಬಹುದು. ಪಕ್ಕದವರ ತೋಟ ಸುಟ್ಟರೆ ನಷ್ಟ ಪರಿಹಾರದ ದಾವೆ ಬೇರೆ. ಗಡಿ ದಾಟಿದ ಬೆಂಕಿಗೆ ಹಚ್ಚಿದವರೇ ಉತ್ತರ ಹೇಳಬೇಕಾಗುತ್ತದೆ.

ಉತ್ತರ 2 (ಅರಣ್ಯ ಇಲಾಖೆಯ ನಿವೃತ್ತ ನೌಕರ):
ಸುಡಲೇಬೇಕೆಂದಿದ್ದರೆ ಸರ್ವೆ ನಂಬರ್, ದಿನ, ಸಮಯ, ಜೊತೆಗಿರುವ ಆಳುಗಳ ಸಂಖ್ಯೆ ಇವಿಷ್ಟನ್ನೂ ಬರೆದು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಮುಂಚಿತವಾಗಿ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಅವರು ಬೇಡವೆಂದರೆ ಅಲ್ಲಿಗೆ ಬಿಡಿ. ಒಪ್ಪಿದರೆ ಗಡಿಯುದ್ದಕ್ಕೂ ಕರಡ ಕೊಯ್ದು, ದರಕು ಗುಡಿಸಿ, ಮಣ್ಣು ಕಾಣುವವರೆಗೆ ಬೆಂಕಿ ರೇಖೆ ತೆಗೆಯಿರಿ. ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ವೇಗವಾಗಿ ಏರುವುದರಿಂದ ಮೇಲಿನ ಅಂಚಿನ ರೇಖೆ ಹೆಚ್ಚು ಅಗಲವಾಗಿರಲಿ. ಮಧ್ಯಾಹ್ನದ ಗಾಳಿಗೆ ಎಂದೂ ಹಚ್ಚಬೇಡಿ. ಜ್ವಾಲೆ ಆರಿದ ಮೇಲೂ ಒಣಗಿದ ಬೊಡ್ಡೆಯೊಳಗೆ ಕೆಂಡ ರಾತ್ರಿಯಿಡೀ ಉಳಿದು, ಮರುದಿನದ ಗಾಳಿಗೆ ಕಿಡಿ ಹಾರಿಸುವುದನ್ನು ಕಂಡಿದ್ದೇನೆ. ಆದ್ದರಿಂದ ಪ್ರತಿ ಬೊಡ್ಡೆಗೂ ನೀರು ಹೊಯ್ದು, ಮಣ್ಣು ಮುಚ್ಚಿಯೇ ಮನೆಗೆ ಬನ್ನಿ. 2019ರ ಫೆಬ್ರುವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿಯನ್ನು ನಂದಿಸಲು ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಅಂಥ ಬೇಸಿಗೆಯಲ್ಲಿ ಒಂದು ಎಕರೆಯ ಕರಡ ಸಣ್ಣದೇನಲ್ಲ.

ಉತ್ತರ 3 (ಬೆಳೆಗಾರ್ತಿ, ಸಾಗರ):
ಸುಡದಿರುವ ದಾರಿಯನ್ನು ಇಲ್ಲಿ ಯಾರೂ ಹೇಳಲಿಲ್ಲ. ದರಕು ಕೊಟ್ಟಿಗೆಗೆ ಹಾಸಿದರೆ ಗೊಬ್ಬರ, ತೋಟಕ್ಕೆ ಹರಡಿದರೆ ಬೇಸಿಗೆಯ ತಂಪು. ಅದನ್ನು ಬೂದಿ ಮಾಡಿ ಆಮೇಲೆ ಗೊಬ್ಬರ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ನಾವು ಮಳೆ ನಿಂತ ಕೂಡಲೇ ಕರಡ ಕೊಯ್ಯಿಸುತ್ತೇವೆ. ಕೂಲಿಯ ಖರ್ಚಿದೆ, ಆದರೆ ಬೆಂಕಿಯ ಭಯವಿಲ್ಲ. ಉಣ್ಣಿಯ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಯ ಸೀಮೆಯಲ್ಲಿ ಬೇಣ ಸುಟ್ಟರೂ ದರಕಿಗೆ ಬೆಟ್ಟಕ್ಕೆ ಹೋಗುವುದು ತಪ್ಪುವುದಿಲ್ಲವಲ್ಲ, ಆದ್ದರಿಂದ ಉಣ್ಣಿ ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈಮುಚ್ಚುವ ಬಟ್ಟೆ ತೊಟ್ಟೇ ಹೋಗಬೇಕು.

ಇನ್ನೊಂದು ಮಾತು: ಕೊಳೆರೋಗ ತಡೆಯಲೆಂದು ಅಡಿಕೆ ಗೊನೆಗಳಿಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆಗಳನ್ನು (ಚೀಲಗಳನ್ನು) ಈ ಬೆಂಕಿಗೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಉತ್ತರ 1ರ ವಕೀಲರಿಂದ ಮತ್ತೆ:
ಕೊಟ್ಟೆಯ ವಿಷಯ ಎತ್ತಿದ್ದು ಒಳ್ಳೆಯದಾಯಿತು. ತ್ಯಾಜ್ಯವನ್ನು ಬಯಲಿನಲ್ಲಿ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿಯೇ ದೇಶಾದ್ಯಂತ ನಿಷೇಧಿಸಿದೆ. ಸಾಮಾನ್ಯ ಪ್ರಕರಣಕ್ಕೆ 5,000 ರೂಪಾಯಿ, ರಾಶಿ ಪ್ರಮಾಣದ್ದಾದರೆ 25,000 ರೂಪಾಯಿ ದಂಡವನ್ನೂ ಗೊತ್ತುಪಡಿಸಿದೆ. ಕೊಟ್ಟೆಗಳನ್ನು ತೊಳೆದು ಒಣಗಿಸಿ, ಪಂಚಾಯಿತಿಯ ಒಣಕಸದ ಗಾಡಿಗೆ ಕೊಡಿ.